ನೆಲ ಮುಟ್ಟದ ಹೊರೆ

ಕನೇಶದಿಂದ
ಓಕ್ ಕಾಯಿಯ ತಿಂಗಳು, ಎಂಟನೆಯ ದಿನ

ಓಲೆಯೇ, ನನ್ನ ಅಕ್ಕ ಶಾತ್-ಅನ್ನಾಳಿಗೆ ಹೇಳು, ಇಕುಪ್ಪಿಯ ಹೀಗೆನ್ನುತ್ತಾನೆ:

ಅಕ್ಕಾ, ಕೂತುಕೊಂಡು ಓದು. ಅಪ್ಪ ಹೋಗಿಬಿಟ್ಟರು.

ಇಲ್ಲಿಗೆ ಬರುವ ದಾರಿಯ ಘಟ್ಟದಲ್ಲಿ ಈ ಸಲ ಹಿಮ ಒಂದು ತಿಂಗಳು ಮುಂಚೆಯೇ ಬಿತ್ತು. ಮೂರು ಕತ್ತೆಗಳಲ್ಲಿ ಎರಡು ಕಮರಿಗೆ ಜಾರಿದವು. ಅವನ್ನು ಹಿಡಿಯಲು ಹೋಗಿ ಅಪ್ಪನ ಕಾಲು ಮುರಿಯಿತು, ಒಂದು ಹೆಜ್ಜೆಯೂ ಇಡಲಾಗಲಿಲ್ಲ. ನಮ್ಮ ಜೊತೆ ಇದ್ದವನು ಗಲುಲು ಎಂಬ ಇಲ್ಲಿಯ ಕತ್ತೆಯಾಳು ಒಬ್ಬನೇ. ಅಪ್ಪನ ಪಕ್ಕ ಬಿಟ್ಟು ಅಲುಗಬೇಡ ಎಂದು ಅವನಿಗೆ ಹೇಳಿ, ಜನ ಕರೆತರಲು ನಾನು ಕೆಳಗಿನ ಛತ್ರಕ್ಕೆ ಇಳಿದೆ. ಗಾಳಿ ಎರಡು ದಿನ ನಿಲ್ಲಲಿಲ್ಲ. ಮೂರನೆಯ ದಿನ ಹತ್ತಿ ಹೋದಾಗ ಅಪ್ಪ ಒಬ್ಬರೇ ಇದ್ದರು, ಉಸಿರಿರಲಿಲ್ಲ. ಗಲುಲು ಓಡಿಹೋಗಿದ್ದ.

ಅಪ್ಪನನ್ನು ಇಲ್ಲಿಗೆ ತಂದು, ವಾಡಿಕೆಯಂತೆ ನಮ್ಮ ಮನೆಯ ನಡುಕೋಣೆಯ ನೆಲದಡಿ ಮಲಗಿಸಿದ್ದೇನೆ. ನಮ್ಮ ವರ್ತಕರ ಸಭೆ ಕರೆದು ಕೇಳಿತು. ದೇವರ ಕಠಾರಿ ಮುಟ್ಟಿ, ನಡೆದದ್ದು ಹೀಗೆ ಎಂದು ಆಣೆ ಮಾಡಿದೆ. ಎಲ್ಲರೂ ನಂಬಿದರು.

ಅಮಾವಾಸ್ಯೆಗೆ ಅಮ್ಮನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಕೂಗಿ ನೀರು ಬಿಡು. ಊಟ ಮಾಡು. ಹಿಮಕ್ಕೆ ದಾರಿ ಮುಚ್ಚುವ ಮೊದಲು ಹೊರಡುವ ಕೊನೆಯ ಸಾರ್ಥ ಇದು, ಹೆಚ್ಚು ಬರೆಯಲು ಹೊತ್ತಿಲ್ಲ.

*

ಅಸ್ಸೂರಿನಿಂದ
ಅರಮನೆ ದೇವಿಯ ತಿಂಗಳು, ಇಪ್ಪತ್ತೆರಡನೆಯ ದಿನ

ಓಲೆಯೇ, ಇಕುಪ್ಪಿಯನಿಗೆ ಹೇಳು, ಶಾತ್-ಅನ್ನಾ ಹೀಗೆನ್ನುತ್ತಾಳೆ:

ಊಟ ಮಾಡು ಅಂತ ಬರೆದಿದ್ದೀಯ. ಯಾವ ಬಾಯಲ್ಲಿ ಮಾಡಲೋ ತಮ್ಮಾ? ಏಳು ದಿನ ತಲೆಗೆ ಬೂದಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದೆ. ಮಗ್ಗದ ಹೆಂಗಸರೆಲ್ಲ ಬಂದು ಅತ್ತುಹೋದರು. ಅವರಿಗೆ ಕಣ್ಣೀರು ಬಂತು, ನನಗೆ ಬರಲಿಲ್ಲ. ನನಗೆ ಬಂದದ್ದು ಸಿಟ್ಟು.

ಕನಸಲ್ಲಿ ಅಪ್ಪ ಬಂದಿದ್ದರು. ಒಂದು ಸಲ ಅಲ್ಲ, ಮೂರು ಸಲ. ಬಾಗಿಲಲ್ಲಿ ಬೆನ್ನು ಬಾಗಿಸಿಕೊಂಡು ನಿಂತಿದ್ದಾರೆ, ಬೆನ್ನ ಮೇಲೆ ಹೊರೆ. "ಇಳಿಸಮ್ಮಾ" ಅಂತಾರೆ. ಏಳೋಣ ಅಂದರೆ ನನಗೆ ಏಳಲಾಗುವುದಿಲ್ಲ. ಕನಸು ಹೇಳುವ ಅಜ್ಜಿಯನ್ನು ಕೇಳಿದೆ. ಅವಳು ಎಣ್ಣೆ ನೋಡಿ, "ಸತ್ತೋರ ಬೆನ್ನ ಮೇಲೆ ಇನ್ನೊಬ್ಬನ ಪಾಪ ಕೂತಿದೆ ಕಣೇ. ಮಾಡಿದೋನ್ನ ಹಿಡೀರಿ, ತಾನಾಗೇ ಇಳಿಯುತ್ತೆ" ಅಂದಳು. ಇನ್ನೇನು ಬಿಡಿಸಿ ಹೇಳಬೇಕು? ಆ ಗಲುಲುವನ್ನು ಹುಡುಕಿಸು. ಆ ದೇಶದವರು ಕಠಾರಿಗೆ ಹೆದರುವುದಿಲ್ಲ, ನದಿಗೆ ಹೆದರುತ್ತಾರೆ ಅಂತ ಅಪ್ಪನೇ ಹೇಳುತ್ತಿದ್ದರು. ಅವನನ್ನು ಅಲ್ಲಿಯ ಅರಮನೆಗೆ ಎಳೆದು, ನದಿಯೇ ತೀರ್ಪು ಹೇಳಲಿ ಅಂತ ನದಿಗೆ ಇಳಿಸು. ನದಿ ನುಂಗಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಇನ್ನೊಂದು ಮಾತು. ನನ್ನ ಹರಕೆ ಬಟ್ಟೆಯ ವಿಷಯ ನೀನು ಬರೆದೇ ಇಲ್ಲ. ಆ ಹತ್ತು ಕಪ್ಪು ಬಟ್ಟೆ ಬೇಸಿಗೆಯಿಡೀ ಕೂತು ನೇಯ್ದದ್ದು ಅಪ್ಪ ಕ್ಷೇಮವಾಗಿ ಹೋಗಿಬರಲಿ ಅಂತ. ಇಲ್ಲಿಂದ ಹೊರಟರೆ ಕನೇಶದಲ್ಲಿ ನಮ್ಮ ದೇವರ ಬಾಗಿಲು ಸೇರುವ ತನಕ ಹೊರೆ ನೆಲ ಮುಟ್ಟಕೂಡದು ಅಂತ ಹರಸಿಕೊಂಡು ಗಂಟು ಹಾಕಿದವಳು ನಾನೇ. ಎಲ್ಲಿ ತಪ್ಪಾಯಿತು? ಎಳೆ ತಪ್ಪಿತ್ತಾ? ಮೈಲಿಗೆ ಕೈಯಲ್ಲಿ ಮುಟ್ಟಿದೆನಾ? ಹುಟ್ಟಿದಾಗಲೇ ದೇವರ ಮಡಿಲಿಗೆ ಹಾಕಿದ ಮಗಳು ನಾನು. ನನ್ನ ಹರಕೆಯೇ ಸುಳ್ಳಾದರೆ ಇನ್ನು ಯಾರದು ನಡೆಯುತ್ತದೆ? ಅದೊಂದನ್ನು ಬರೆ.

ಈ ಓಲೆ ದಾರಿಯಲ್ಲೇ ಚಳಿಗಾಲ ಕಳೆಯುತ್ತದೆ, ಗೊತ್ತು. ಆದರೂ ಬರೆಯದೆ ಇರಲಾಗಲಿಲ್ಲ.

*

ಕನೇಶದಿಂದ
ಹುಬುರ್ ನದಿಯ ತಿಂಗಳು, ನಾಲ್ಕನೆಯ ದಿನ

ಓಲೆಯೇ, ಶಾತ್-ಅನ್ನಾಳಿಗೆ ಹೇಳು, ಇಕುಪ್ಪಿಯ ಹೀಗೆನ್ನುತ್ತಾನೆ:

ಅಕ್ಕಾ, ದಾರಿ ತೆರೆದ ಮೊದಲ ದಿನವೇ ನಿನ್ನ ಓಲೆ ಸಿಕ್ಕಿತು.

ನಿನ್ನ ನೇಯ್ಗೆಯಲ್ಲಿ ಒಂದೆಳೆಯೂ ತಪ್ಪಿರಲಿಲ್ಲ. ಹೊರೆ ದೇವರಿಗೆ ಮುಟ್ಟಿದೆ, ನೆಲ ಮುಟ್ಟಲಿಲ್ಲ. ಆ ಬಗ್ಗೆ ಇನ್ನು ಯೋಚಿಸಬೇಡ.

ಗಲುಲು ಸಿಕ್ಕಿದ್ದಾನೆ, ಅವನದೇ ಹಳ್ಳಿಯಲ್ಲಿ ಇದ್ದಾನೆ. ಹಿಮಕ್ಕೆ ಮರಗಟ್ಟಿ ಎರಡೂ ಕಾಲಿನ ಬೆರಳುಗಳು ಉದುರಿಹೋಗಿವೆ, ಎದ್ದು ನಡೆಯಲಾರ. ಕಾಪ್ಜಿಯ ಅಂತ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವನನ್ನು ನದಿಗೆ ಇಳಿಸಿ ನಮಗೇನು ಬರಬೇಕಾಗಿದೆ? ಅಪ್ಪ ಎದ್ದು ಬರುತ್ತಾರಾ? ಬಿಟ್ಟುಬಿಡೋಣ ಅಕ್ಕ. ಆ ಅಜ್ಜಿ ಕನಸಿಗೆ ಹತ್ತು ಅರ್ಥ ಹೇಳುತ್ತಾಳೆ.

ಇಲ್ಲಿ ಹೆಂಗಸರು ದಪ್ಪ ನೇಯ್ಗೆಯ ಬಟ್ಟೆ ಕೇಳುತ್ತಿದ್ದಾರೆ. ಮುಂದಿನ ಸಾರ್ಥಕ್ಕೆ ಆದರೆ ಕಳಿಸು.

*

ಅಸ್ಸೂರಿನಿಂದ
ಸಿಪ್ಪು ತಿಂಗಳು, ಹತ್ತೊಂಬತ್ತನೆಯ ದಿನ

ಓಲೆಯೇ, ಇಕುಪ್ಪಿಯನಿಗೆ ಹೇಳು, ಶಾತ್-ಅನ್ನಾ ಹೀಗೆನ್ನುತ್ತಾಳೆ:

ದಪ್ಪ ನೇಯ್ಗೆ ಬೇಕಂತೆ! ಅಪ್ಪನನ್ನು ಹಿಮದಲ್ಲಿ ಬಿಟ್ಟು ಓಡಿದವನ ಹೆಂಡತಿಯ ಹೆಸರು ಬಾಯಿಪಾಠ ಮಾಡಿಕೊಂಡಿದ್ದೀಯಲ್ಲ, ನಾಚಿಕೆ ಆಗುವುದಿಲ್ಲವೇನೋ? ಅಲ್ಲಿಯ ಹೆಂಡ ಕುಡಿದು ಕುಡಿದು ನಿನ್ನ ರಕ್ತವೂ ಅಲ್ಲಿಯದೇ ಆಗಿಹೋಯಿತಾ? ಬೆರಳು ಉದುರಿತಂತೆ. ಉದುರಲಿ. ಅದು ದೇವರು ಕೊಟ್ಟ ಮೊದಲ ಪೆಟ್ಟು.

ಚಿಕ್ಕವನಿದ್ದಾಗಲೂ ನೀನು ಹೀಗೇ. ಕುಂಬಾರರ ಮಕ್ಕಳು ನಿನ್ನನ್ನು ಹೊಡೆದರೆ ನಾನೇ ಹೋಗಿ ಜುಟ್ಟು ಹಿಡಿಯಬೇಕಿತ್ತು. ಈಗಲೂ ಹಾಗೇ ಮಾಡಿದ್ದೇನೆ. ನಗರದ ಹಿರಿಯರ ಮುಂದೆ ಹೋಗಿ ನಿಂತೆ. ದೇವರ ಮನೆಯ ಹೆಣ್ಣು ಬಂದು ಕೇಳಿದರೆ ಇಲ್ಲ ಅನ್ನಲು ಅವರಿಗೆ ಬಾಯಿ ಬರುತ್ತದಾ? ನಗರದ ಮುದ್ರೆ ಒತ್ತಿದ ಓಲೆ ಕನೇಶದ ಸಭೆಗೆ ಹೊರಟಿದೆ, ಇದೇ ಓಲೆಕಾರನ ಚೀಲದಲ್ಲಿದೆ. ಗಲುಲುವನ್ನು ನದಿಯ ಪರೀಕ್ಷೆಗೆ ಒಡ್ಡಬೇಕು ಅಂತ. ಅದನ್ನು ತಡೆಯುವುದು ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ಅಪ್ಪ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ ಕಣೋ. ಬೆನ್ನು ನೆಲಕ್ಕೆ ತಾಗುವಷ್ಟು ಬಾಗಿದೆ.

*

ಕನೇಶದಿಂದ
ಕನ್ವರ್ತ ತಿಂಗಳು, ಐದನೆಯ ದಿನ

ಓಲೆಯೇ, ಶಾತ್-ಅನ್ನಾಳಿಗೆ ಹೇಳು, ಇಕುಪ್ಪಿಯ ಹೀಗೆನ್ನುತ್ತಾನೆ:

ಅಕ್ಕಾ, ನಗರದ ಓಲೆ ಬಂತು. ಸಭೆಯವರು ಅದನ್ನು ಅರಮನೆಗೆ ಕೊಟ್ಟರು. ಗಲುಲುವನ್ನು ಕತ್ತೆಯ ಮೇಲೆ ಹಾಕಿಕೊಂಡು ಬಂದಿದ್ದಾರೆ. ಇನ್ನು ಹನ್ನೆರಡು ದಿನಕ್ಕೆ ಅವನನ್ನು ನದಿಯ ಮಡುವಿಗೆ ಇಳಿಸುತ್ತಾರೆ. ಈಜಿ ಆಚೆ ದಡ ಸೇರಿದರೆ ಶುದ್ಧ, ಮುಳುಗಿದರೆ ತಪ್ಪಿತಸ್ಥ. ಅವನು ಮುಳುಗುತ್ತಾನೆ.

ಅವನು ಓಡಿಹೋಗಲಿಲ್ಲ. ಓಡಿಹೋದವನು ನಾನು.

ಎರಡು ಕತ್ತೆ ಕಮರಿಗೆ ಬಿದ್ದ ಮೇಲೆ ಉಳಿದದ್ದು ಕರಿಕತ್ತೆ ಒಂದೇ. ಅದರ ಮೇಲೆ ಇದ್ದದ್ದು ನಿನ್ನ ಹರಕೆಯ ಹೊರೆ. ಒಂದೋ ಅದು ಹೊರೆಯನ್ನು ಹೊರಬೇಕು, ಇಲ್ಲವೇ ಅಪ್ಪನನ್ನು. ದಾರಿಯುದ್ದಕ್ಕೂ ಪ್ರತಿ ಬೀಡಿನಲ್ಲೂ ಆ ಹೊರೆಯನ್ನು ಕೊಂಬೆಗೋ ತೊಲೆಗೋ ತೂಗುಹಾಕುತ್ತಿದ್ದೆವು. ಅಲ್ಲಿ ಮರವೂ ಇರಲಿಲ್ಲ, ತೊಲೆಯೂ ಇರಲಿಲ್ಲ.

"ಇಳಿಸೋ ಅದನ್ನ" ಅಂದರು ಅಪ್ಪ.

"ನೆಲ ಮುಟ್ಟುತ್ತೆ ಅಪ್ಪಾ. ಅಕ್ಕ ಹರಸ್ಕೊಂಡಿದ್ದಾಳೆ. ನಿಮಗೇ ಕೇಡು."

"ಕೇಡಂತೆ! ಇನ್ನೇನು ಕೇಡು ಬಾಕಿ ಇದೆಯೋ ನಂಗೆ? ದೇವರು ಕೇಳಿದ್ರೆ ನಾನು ಹೇಳ್ಕೋತೀನಿ. ನೀನು ಇಳಿಸು."

ನಾನು ಇಳಿಸಲಿಲ್ಲ. ಗಲುಲುವೇ ಹಗ್ಗಕ್ಕೆ ಕೈ ಹಾಕಿದ. "ಬಟ್ಟೆಗೆ ಚಳಿ ಆಗಲ್ಲ ಧಣಿ" ಅಂದ. ಅವನ ಮಣಿಕಟ್ಟಿಗೆ ಚಾವಟಿಯಿಂದ ಬಾರಿಸಿದೆ, ರಕ್ತ ಬರುವ ಹಾಗೆ. ಹೊರೆ ಸಮೇತ ಕತ್ತೆ ಹೊಡೆದುಕೊಂಡು ಇಳಿದೆ. ಹಿಂದಿನಿಂದ ಅಪ್ಪ ನನ್ನ ಹೆಸರು ಕೂಗಿದರು. ಎರಡು ಸಲ ಕೂಗಿದರು.

ಹೊರೆ ನೆಲ ಮುಟ್ಟಿದ ಗಳಿಗೆಯೇ ಅಪ್ಪ ಸಾಯುತ್ತಾರೆ ಅಂತ ನಾನು ನಿಜವಾಗಿ ಹೆದರಿದ್ದೆ, ಅಕ್ಕ. ಆದರೆ ಅಷ್ಟೇ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ನನಗೂ ಚಳಿಯಾಗುತ್ತಿತ್ತು. ಅಲ್ಲಿಂದ ಹೊರಡಲು ಏನಾದರೊಂದು ನೆಪ ಬೇಕಿತ್ತು, ನಿನ್ನ ದೇವರು ಕೊಟ್ಟ.

ಮೂರನೆಯ ದಿನ ಹತ್ತಿದಾಗ ಛತ್ರದವರಿಗಿಂತ ಮುಂದೆ ಇದ್ದವನು ನಾನು. ಅಪ್ಪನ ಮೈಮೇಲೆ ಗಲುಲುವಿನ ಕುರಿದೊಗಲಿನ ಅಂಗಿ ಇತ್ತು. ಮಗುವಿಗೆ ಹೊದಿಸುವ ಹಾಗೆ ಕುತ್ತಿಗೆಯ ಸುತ್ತ ಒತ್ತಿ ಹೊದಿಸಿದ್ದ. ಅಪ್ಪನ ಉಸಿರು ನಿಂತ ಮೇಲಷ್ಟೇ ಅವನು ತೆವಳಿಕೊಂಡು ಹೋಗಿದ್ದು, ಹಿಮದಲ್ಲಿ ಆ ಜಾಡು ಇನ್ನೂ ಇತ್ತು. ಉಳಿದವರು ಬರುವಷ್ಟರಲ್ಲಿ ಅಂಗಿಯನ್ನು ಕಮರಿಗೆ ಎಸೆದೆ, ಜಾಡನ್ನು ಕಾಲಲ್ಲಿ ಅಳಿಸಿದೆ. ಅಪ್ಪನನ್ನು ಕತ್ತೆಯ ಮೇಲೆ ಯಾಕೆ ಕೂರಿಸಲಿಲ್ಲ ಅಂತ ಯಾರೂ ಕೇಳಬಾರದಿತ್ತು. ಆಳು ಓಡಿಹೋದ ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂ ಇಲ್ಲ. ಅಂಥಾ ಹಿಮದಲ್ಲೂ ದೇವರ ಹೊರೆಯನ್ನು ನೆಲಕ್ಕೆ ಬಿಡಲಿಲ್ಲ ನೋಡ್ರಪ್ಪಾ ಅಂತ ಸಭೆಯಲ್ಲಿ ಬೆನ್ನು ತಟ್ಟಿದರು.

ಈಗ ನಿಜ ಹೇಳಿದರೆ ಕಠಾರಿ ಮುಟ್ಟಿ ಸುಳ್ಳಾಡಿದವನಾಗುತ್ತೇನೆ. ನಮ್ಮ ಮನೆಯ ಮುದ್ರೆ ಒಡೆಯುತ್ತಾರೆ, ವ್ಯಾಪಾರ ಅಲ್ಲಿಗೆ ಮುಗಿಯಿತು. ನಿನ್ನ ಹರಕೆಯೇ ಅಪ್ಪನನ್ನು ಕೊಂದಿತು ಅಂತ ಎರಡೂ ಊರಲ್ಲಿ ಆಡಿಕೊಳ್ಳುತ್ತಾರೆ. ಹೇಳಲಾ ಬೇಡವಾ? ನೀನು ಹೇಳು ಅಕ್ಕ. ನೀನು ಹೇಳಿದ ಹಾಗೆ ಮಾಡುತ್ತೇನೆ.

*

ಅಸ್ಸೂರಿನಿಂದ
ಅಂಜೂರದ ತಿಂಗಳು, ಹದಿನೆಂಟನೆಯ ದಿನ

ಓಲೆಯೇ, ಇಕುಪ್ಪಿಯನಿಗೆ ಹೇಳು, ಶಾತ್-ಅನ್ನಾ ಹೀಗೆನ್ನುತ್ತಾಳೆ:

ನಿನ್ನ ಓಲೆ ನನ್ನ ಕೈ ಸೇರುವ ಹೊತ್ತಿಗೆ ನಿನ್ನ ಹನ್ನೆರಡು ದಿನ ಮುಗಿದು ಒಂದು ತಿಂಗಳಾಗಿದೆ. ಹದಿನೈದು ವರ್ಷದಿಂದ ಈ ದಾರಿ ತುಳಿಯುತ್ತಿದ್ದೀಯ. ಓಲೆ ಬರಲು ಎಷ್ಟು ದಿನ, ಹೋಗಲು ಎಷ್ಟು ದಿನ ನಿನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಅದಕ್ಕೇ ನನ್ನನ್ನು ಕೇಳಿದೆ. ಅಕ್ಕನನ್ನು ಕೇಳಿದೆ, ಉತ್ತರ ಬರಲಿಲ್ಲ, ನಾನೇನು ಮಾಡಲಿ ಅಂತ ಕೈ ತೊಳೆದುಕೊಳ್ಳಲು ಕೇಳಿದೆ. ಥೂ ನಿನ್ನ!

ಇಷ್ಟು ಬರೆದು ಓಲೆಯ ಹಸಿಮಣ್ಣು ಒಣಗುವ ತನಕ ಕೂತಿದ್ದೆ. ನಿನ್ನನ್ನು ಬೈದರೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಇನ್ನೊಂದು ಓಲೆಗೆ ಮಣ್ಣು ಕಲೆಸಿ ಬರೆಯುತ್ತಿದ್ದೇನೆ.

ಇಳಿಸು ಅಂತ ಅಪ್ಪ ನಿನಗೆ ಎರಡು ಸಲ ಹೇಳಿದರು. ನನಗೆ ತಿಂಗಳುಗಟ್ಟಲೆ ಹೇಳಿದರು. ಹೊರೆ ಕಟ್ಟಿದವಳು ನಾನು, ಅದನ್ನು ಅವರು ನನ್ನ ಬಾಗಿಲಿಗೇ ತಂದು ತೋರಿಸಿದರು, ನಾನು ಹೋಗಿ ಅಜ್ಜಿಯ ಹತ್ತಿರ ಎಣ್ಣೆಯಲ್ಲಿ ಯಾರದೋ ಪಾಪ ಹುಡುಕಿಸಿದೆ. ಬೇಕಾದದ್ದನ್ನೇ ಹುಡುಕಿಸಿದೆ. ನೀನು ಬಿಟ್ಟುಬಿಡೋಣ ಅಂದಾಗಲಾದರೂ ನಿಲ್ಲಬಹುದಿತ್ತು. ನಗರದ ಮುದ್ರೆ ಒತ್ತಿಸಿ ಕಳಿಸಿದೆ. ನಿನ್ನ ಚಾವಟಿಗಿಂತ ಅದು ದೊಡ್ಡ ಪೆಟ್ಟು ಕಣೋ.

ಹಿರಿಯರ ಹತ್ತಿರ ಮತ್ತೆ ಓಡಿದೆ. "ಕಳಿಸಿದ ಓಲೆ ವಾಪಸ್ ಬರಲ್ಲ ತಾಯಿ, ನದಿಗೆ ಬಿಟ್ಟದ್ದು ನದಿಗೆ" ಅಂದರು. ಹೋಗಿ ಮಗ್ಗ ನೋಡಿಕೊಳ್ಳಿ ಅಂದರು.

ಅವನು ಬದುಕಿದ್ದಾನಾ? ಬೇರೇನೂ ಬರೆಯಬೇಡ. ಕ್ಷಮಿಸು ಅಂತಲೂ ಬರೆಯಬೇಡ. ಬದುಕಿದ್ದಾನಾ ಇಲ್ಲವಾ, ಅಷ್ಟು ಬರೆ.

*

ಕನೇಶದಿಂದ
ಕುರುಬರ ತಿಂಗಳು, ಇಪ್ಪತ್ತೇಳನೆಯ ದಿನ

ಓಲೆಯೇ, ಶಾತ್-ಅನ್ನಾಳಿಗೆ ಹೇಳು, ಇಕುಪ್ಪಿಯ ಹೀಗೆನ್ನುತ್ತಾನೆ:

ಬದುಕಿದ್ದಾನೆ. ನಮ್ಮ ಮನೆಯಲ್ಲೇ ಇದ್ದಾನೆ. ಇಷ್ಟು ದಿನ ಬರೆಯದಿದ್ದದ್ದು ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ನೀನು ಬೈದದ್ದೆಲ್ಲ ಸರಿ. ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಹನ್ನೆರಡನೆಯ ದಿನ ಊರಿಗೆ ಊರೇ ಮಡುವಿನ ದಡದಲ್ಲಿತ್ತು. ಕಾಪ್ಜಿಯ ತನ್ನ ಗಂಡನನ್ನು ಬೆನ್ನ ಮೇಲೆ ಹೊತ್ತು ತಂದಳು. ಅವಳು ಅವನನ್ನು ಕೆಳಗಿಳಿಸಿದಾಗ ಅವನು ನಿಲ್ಲಲಾರದೆ ಅವಳ ಭುಜ ಹಿಡಿದುಕೊಂಡ. ಅದನ್ನು ನೋಡಲಾಗಲಿಲ್ಲ. "ಬಿಡ್ರೀ ಅವನ್ನ! ಸುಳ್ಳು ಹೇಳಿದ್ದು ನಾನು" ಅಂತ ಕೂಗಿದೆ. ಎಲ್ಲವನ್ನೂ ಹೇಳಿದೆ, ಹೊರೆ, ಚಾವಟಿ, ಅಂಗಿ, ಒಂದೂ ಬಿಡದೆ.

ಅರಮನೆಯ ಅಧಿಕಾರಿ ಕೇಳಿಸಿಕೊಂಡ. "ಒಂದ್ಸಲ ಹಂಗಂತೀಯ, ಒಂದ್ಸಲ ಹಿಂಗಂತೀಯ. ನಿನ್ನ ಯಾವ ಮಾತು ನಂಬ್ಲಿ ನಾನು? ನೀನೇ ಇಳಿ. ಮುಳುಗಿದ್ರೆ ತಪ್ಪು ನಿಂದು, ದಡ ಸೇರಿದ್ರೆ ಅವಂದು. ನದೀನೇ ಹೇಳ್ಲಿ" ಅಂದ.

ಇಳಿದೆ. ಸಾಯಬೇಕೆಂದೇ ಇಳಿದೆ ಅಕ್ಕ, ನಿನ್ನಾಣೆ. ಕೈಕಾಲು ಬಿಗಿಹಿಡಿದು ತಳಕ್ಕೆ ಹೋದೆ. ಆಮೇಲೆ ಏನಾಯಿತೋ, ಎದೆ ಉರಿಯಿತು, ಕೈಕಾಲು ತಾವಾಗಿ ಆಡಿದವು. ನಮ್ಮೂರಿನ ಹೊಳೆಯಲ್ಲಿ ಅಪ್ಪ ನನ್ನ ಹೊಟ್ಟೆಯಡಿ ಅಂಗೈ ಕೊಟ್ಟು ಈಜು ಕಲಿಸಿದ್ದರಲ್ಲ. ಆಚೆ ದಡದಲ್ಲಿ ಕೆಮ್ಮುತ್ತಾ ಬಿದ್ದಿದ್ದೆ. ಈಚೆ ದಡದಲ್ಲಿ ಜನ ಕೇಕೆ ಹಾಕುತ್ತಿದ್ದರು. ನದಿ ನನ್ನನ್ನು ಶುದ್ಧ ಅಂದಿತು.

ಈಗ ಯಾರಿಗೆ ಹೇಳಿದರೂ ನಂಬುವುದಿಲ್ಲ. ಅಪ್ಪನ ದುಃಖಕ್ಕೆ ತಲೆ ಕೆಟ್ಟಿತ್ತು, ಕತ್ತೆಯಾಳಿನ ಮೇಲೆ ಮರುಕ ಬಂತು, ಪಾಪ ದೊಡ್ಡ ಮನಸ್ಸು ಅನ್ನುತ್ತಾರೆ. ನಾನು ಶುದ್ಧನಾದ ಮೇಲೆ ಅವನು ಓಡಿಹೋದದ್ದು ನಿಜವಾಗಲೇಬೇಕಲ್ಲ. ಅವನನ್ನು ನೀರಿಗೆ ಇಳಿಸುವ ಅಗತ್ಯವೂ ಇಲ್ಲ ಅಂದರು. ಹೆಂಡತಿ ಮಕ್ಕಳ ಸಮೇತ ನಮ್ಮ ಮನೆಗೆ ತೊತ್ತಾಗಿ ಬರೆದುಕೊಟ್ಟರು.

ಅವತ್ತೇ ಬಿಡುಗಡೆಯ ಓಲೆ ಬರೆದು ಮುದ್ರೆ ಒತ್ತಿ ಕೈಗೆ ಕೊಟ್ಟೆ. ಅವನು ಹೋಗಲಿಲ್ಲ. ಅವನು ಏನಂದ ಗೊತ್ತಾ?

"ಹೆಂಗೆ ಹೋಗ್ಲಿ ಧಣಿ? ಯಜಮಾನ್ರ ತಲೆ ನನ್ನ ತೊಡೆ ಮೇಲೆ ಇತ್ತು ಅಂತ್ಲೇ ನಂಗೆ ನೆನಪು. ಆದ್ರೆ ನೀರು ಸುಳ್ಳು ಹೇಳುತ್ತಾ? ಚಳೀಲಿ ಇಲ್ಲದ್ದೆಲ್ಲ ಕಂಡಿರ್ಬೇಕು. ನಾನು ಓಡೇ ಹೋಗಿರ್ಬೇಕು."

"ಗಲುಲು, ನೀನು ಓಡಲಿಲ್ಲ. ನಾನು ನಿನಗೆ ಹೊಡೆದೆ. ನೆನಪಿಲ್ವಾ?"

"ನಿಮ್ಮದು ದೊಡ್ಡ ಮನಸ್ಸು ಧಣಿ" ಅಂದ.

ಮಣಿಕಟ್ಟಿನ ಗಾಯದ ಗುರುತನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ, ಎಲ್ಲಿ ಆಯಿತೋ ಅನ್ನುವ ಹಾಗೆ. ಕಾಪ್ಜಿಯ ಅವನಿಗೆ ಬಡಿಸುವಾಗ ಮುಖ ನೋಡುವುದಿಲ್ಲ. ಅಪ್ಪನನ್ನು ಮಲಗಿಸಿದ ಜಾಗವನ್ನು ಅವನು ದಿನಾ ತೆವಳಿಕೊಂಡು ಬಂದು ಒರೆಸುತ್ತಾನೆ. ಒರೆಸಿ, ನನ್ನ ಕಾಲು ಮುಟ್ಟಿ ತಪ್ಪಾಯಿತು ಅನ್ನುತ್ತಾನೆ. ನನ್ನ ಕಾಲು, ಅಕ್ಕಾ. ಪ್ರತಿ ಬೆಳಿಗ್ಗೆ.

ಏನು ಮಾಡಲಿ ಅಂತ ನಿನ್ನನ್ನು ಕೇಳುವ ಮುಖ ನನಗಿಲ್ಲ. ಸುಮ್ಮನೆ ಬರೆದೆ.

*

ಅಸ್ಸೂರಿನಿಂದ
ಅರಮನೆ ದೇವಿಯ ತಿಂಗಳು, ಒಂಬತ್ತನೆಯ ದಿನ

ಇಕುಪ್ಪಿಯಾ, ಈ ಓಲೆಯನ್ನು ಹೊತ್ತು ಹಿಮದಲ್ಲೂ ದಾಟುತ್ತೇನೆ ಅನ್ನುವ ಒಬ್ಬ ಓಲೆಕಾರ ಸಿಕ್ಕಿದ್ದಾನೆ. ಇದು ನಿನಗಲ್ಲ. ಅವರ ಭಾಷೆಯಲ್ಲಿ ಓದಿ ಹೇಳುವವನನ್ನು ಕರೆಸು. ಅಂಗಳದಲ್ಲಿ ಓದಿಸು, ಕಾಪ್ಜಿಯ ಮತ್ತು ಹೆಣ್ಣುಮಕ್ಕಳು ಮುಂದೆ ಕೂತಿರಬೇಕು. ನೀನು ನಿಂತಿರು.

ಓಲೆಯೇ, ಗಲುಲುವಿಗೆ ಹೇಳು, ನೀನು ಯಾರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆಯೋ ಅವರ ಮಗಳು ಶಾತ್-ಅನ್ನಾ ಹೀಗೆನ್ನುತ್ತಾಳೆ:

ಅಣ್ಣಾ, ನಿನ್ನನ್ನು ನಾನು ನೋಡಿಲ್ಲ. ನೋಡದೆಯೇ ನಿನ್ನನ್ನು ನದಿಗೆ ನೂಕಿಸಿದವಳು ನಾನು. ಆ ಹೊರೆ ಕಟ್ಟಿದವಳೂ ನಾನೇ.

ನದಿ ತಪ್ಪು ಹೇಳಿತು. ನಮ್ಮ ಊರಿನ ಹಿರಿಯರ ಮುಂದೆ, ದೇವರ ಬಾಗಿಲಲ್ಲಿ, ಕಠಾರಿ ಮುಟ್ಟಿ ಇದನ್ನೇ ಹೇಳಿದೆ. ನದಿಯನ್ನು ಅಲ್ಲಗಳೆದವಳ ಕೈ ದೇವರ ಪಾತ್ರೆ ಮುಟ್ಟಬಾರದು ಅಂದರು. ಹುಟ್ಟಿದಾಗಿನಿಂದ ನಾನಿದ್ದ ಮನೆ ಅದು. ಈಗ ಬೀದಿಯಲ್ಲಿ ನಿಂತು ಕೈಮುಗಿಯುತ್ತೇನೆ. ಇದನ್ನು ನಿನ್ನ ಮರುಕಕ್ಕೆ ಬರೆಯುತ್ತಿಲ್ಲ. ದೊಡ್ಡ ಮನಸ್ಸಿಗೆ ಹೇಳಿದ ಮಾತಲ್ಲ ಅಂತ ನಿನಗೆ ಗೊತ್ತಾಗಲಿ ಅಂತ ಬರೆದೆ.

ಓಡಿದವನ ಕಾಲು ಬೆಚ್ಚಗಿರುತ್ತದೆ. ಕೂತವನ ಕಾಲು ಮರಗಟ್ಟುತ್ತದೆ. ನಿನ್ನ ಕಾಲು ನೀನೇ ನೋಡಿಕೋ, ಹೆಂಡತಿಗೂ ತೋರಿಸು. ನನ್ನ ತಮ್ಮ ಈಜಿದ್ದು ಶುದ್ಧನಾಗಿದ್ದಕ್ಕಲ್ಲ, ಚಿಕ್ಕಂದಿನಲ್ಲಿ ನಮ್ಮಪ್ಪ ಕಲಿಸಿದ್ದಕ್ಕೆ. ಅವನ ಕಾಲು ಇನ್ನು ಮುಟ್ಟಬೇಡ. ಬೇಕಾದರೆ ಆ ಮನೆಯಲ್ಲಿರು, ಬೇಡವಾದರೆ ಎದ್ದು ಹೋಗು, ಎರಡಕ್ಕೂ ನೀನೇ ಯಜಮಾನ.

ಒಂದನ್ನು ಮಾತ್ರ ನಿನ್ನ ಹತ್ತಿರ ಬೇಡುತ್ತೇನೆ. ಬೇಡುವ ಹಕ್ಕು ನನಗಿಲ್ಲ, ಆದರೆ ಈ ಭೂಮಿಯ ಮೇಲೆ ಬೇರೆ ಯಾರನ್ನು ಕೇಳಿದರೂ ಸಿಗುವುದಿಲ್ಲ. ನನ್ನ ತಮ್ಮನಿಗೆ ಗೊತ್ತಿಲ್ಲ, ನದಿಗೆ ಗೊತ್ತಿಲ್ಲ, ಆಗ ಅಲ್ಲಿದ್ದವನು ನೀನೊಬ್ಬನೇ. ನೆನಪು ಮಾಡಿಕೊಂಡು ಬರೆಸು ಅಣ್ಣಾ. ನಮ್ಮಪ್ಪ ಕೊನೆಗೆ ಏನಂದರು?